ಖೋರೋಗ್‌ನಿಂದ ಮುರ್ಗಾಬ್‌ಗೆ: ನೇರ ಹೆದ್ದಾರಿಯೋ, ವಖಾನ್ ಕಣಿವೆಯೋ?

ತಜಿಕಿಸ್ತಾನದ ಪಾಮೀರ್ ಸೀಮೆಗೆ ಸ್ವಂತವಾಗಿ ಹೊರಟವರು ಖೋರೋಗ್ ಪಟ್ಟಣದಲ್ಲಿ, ಮುಂದೆ ಮುರ್ಗಾಬ್ ಪಟ್ಟಣಕ್ಕೆ ಹೋಗಲು ಎರಡರಲ್ಲೊಂದು ದಾರಿ ಆರಿಸಿಕೊಳ್ಳಲೇಬೇಕು.

ಎಂ41 ಹೆದ್ದಾರಿ ಹಿಡಿದರೆ ಮುರ್ಗಾಬ್ ಸುಮಾರು 310 ಕಿ.ಮೀ. ಶೇರ್ ಟ್ಯಾಕ್ಸಿ ಸಿಗುತ್ತದೆ, ಖರ್ಚು ಕಡಿಮೆ, ಒಂದೇ ದಿನದ ಪಯಣ. ಆದರೆ ಆ ಒಂದೇ ದಿನದಲ್ಲಿ 2,100 ಮೀಟರಿನಿಂದ 3,600 ಮೀಟರಿಗೆ ಏರುತ್ತೀರಿ. ತಲೆನೋವು, ನಿದ್ದೆಗೆಟ್ಟ ರಾತ್ರಿ ಹಲವರಿಗೆ ತಪ್ಪಿದ್ದಲ್ಲ.

ವಖಾನ್ ದಾರಿ ಸುತ್ತುಬಳಸಿನದು, ಆದರೆ ಎತ್ತರ ನಿಧಾನವಾಗಿ ಏರುವುದರಿಂದ ಮೈ ಒಗ್ಗಿಕೊಳ್ಳುತ್ತದೆ. ಪಕ್ಕದಲ್ಲೇ ಪಂಜ್ ನದಿ, ಆಚೆ ದಡದಲ್ಲಿ ಅಫ್ಘಾನಿಸ್ತಾನ. ಕೆಲವೆಡೆ ನದಿ ಎಷ್ಟು ಕಿರಿದೆಂದರೆ ಅಲ್ಲಿ ಕತ್ತೆ ಹೊಡೆದುಕೊಂಡು ಹೋಗುವವರು ಕಣ್ಣಿಗೆ ಬೀಳುತ್ತಾರೆ. ಯಮ್ಚುನ್ ಕೋಟೆ, ಅದರ ಮೇಲ್ಗಡೆ ಬೀಬಿ ಫಾತಿಮಾ ಬಿಸಿನೀರಿನ ಬುಗ್ಗೆ, ಹಳ್ಳಿಗಳಲ್ಲಿ ಮನೆವಾಸ್ತವ್ಯ. ತೊಡಕಿರುವುದು ಲಂಗರ್ ಹಳ್ಳಿ ದಾಟಿದ ಮೇಲೆ: 4,344 ಮೀಟರಿನ ಖರ್ಗುಶ್ ಕಣಿವೆದಾರಿಗೆ ಸಾರ್ವಜನಿಕ ವಾಹನವೇ ಇಲ್ಲ. ಜೀಪು ಬಾಡಿಗೆಗೆ ಜೊತೆಗಾರರು ಬೇಕು.

ನಾಲ್ಕು ದಿನ ಕೈಯಲ್ಲಿದ್ದರೆ ವಖಾನ್‌ಗೇ ಹೋಗಿ ಎನ್ನುತ್ತೇನೆ. ಒಬ್ಬರೇ ಇದ್ದು ದಿನ, ದುಡ್ಡು ಎರಡೂ ಬಿಗಿಯಾಗಿದ್ದರೆ ಹೆದ್ದಾರಿಯೇ ಸರಿ. ಯಾವ ದಾರಿ ಹಿಡಿದರೂ ವೀಸಾದ ಜೊತೆಗೆ ಗೋರ್ನೋ-ಬದಖ್ಶಾನ್ (ಈ ಸೀಮೆಯಿರುವ ಪ್ರಾಂತ) ಪರವಾನಗಿ ಬೇಕು. ಸೊಮೋನಿ (ತಜಿಕಿಸ್ತಾನದ ಹಣ) ನೋಟುಗಳನ್ನು ಖೋರೋಗ್‌ನಲ್ಲೇ ತುಂಬಿಕೊಳ್ಳಿ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ.