ಹನ್ನೆರಡೋ, ಹದಿನಾರೋ, ಐವತ್ತೆರಡೋ: ಕೊರಿಯನ್ ಡ್ರಾಮಾ ಆರಿಸುವ ಮುನ್ನ ಒಂದು ಹೋಲಿಕೆ

ಕೊರಿಯನ್ ಡ್ರಾಮಾ ಅಂದರೆ ಎಲ್ಲರ ಬಾಯಲ್ಲೂ ಒಂದೇ ದೂರಿನ ಪಟ್ಟಿ. ಮಣಿಕಟ್ಟು ಹಿಡಿದು ದರದರ ಎಳೆದೊಯ್ಯುವ ನಾಯಕ, ಎಲ್ಲಿಂದಲೋ ನುಗ್ಗಿ ಬರುವ ಟ್ರಕ್, ನೆನಪು ಅಳಿಸಿಹೋಗುವ ಕಾಯಿಲೆ, ಇಬ್ಬರೂ ಬಾಲ್ಯದಲ್ಲೇ ಭೇಟಿಯಾಗಿದ್ದರು ಅನ್ನುವ ಗುಟ್ಟು. ಆದರೆ ಈ ಚಾಳಿಗಳು ಎಲ್ಲ ಡ್ರಾಮಾಗಳಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಒಟ್ಟು ಎಷ್ಟು ಕಂತು, ವಾರಕ್ಕೆ ಎಷ್ಟು ಸಲ ಪ್ರಸಾರ ಅನ್ನುವುದೇ ಬಹಳಷ್ಟನ್ನು ತೀರ್ಮಾನಿಸುತ್ತದೆ. ಹಾಗಾಗಿ ನಾಯಕನ ಮುಖ ನೋಡುವ ಮೊದಲು ಕಂತಿನ ಲೆಕ್ಕ ನೋಡಿ.

ಮೊದಲು ಹದಿನಾರು ಕಂತಿನದು. ವಾರಕ್ಕೆ ಎರಡರಂತೆ ಎಂಟು ವಾರ. 2016ರ 'ಗಾಬ್ಲಿನ್', 2019ರ ಕೊನೆಗೆ ಶುರುವಾದ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ', 2024ರ 'ಕ್ವೀನ್ ಆಫ್ ಟಿಯರ್ಸ್' ಎಲ್ಲವೂ ಇದೇ ಅಳತೆಯವು. ಪ್ರೇಮಕಥೆಯಾದರೆ ಅದರ ನಡಿಗೆ ಹೆಚ್ಚುಕಡಿಮೆ ಹೀಗಿರುತ್ತದೆ: ಮೊದಲೆರಡು ಕಂತಿನಲ್ಲಿ ದುಡ್ಡು ಸುರಿದ ದೃಶ್ಯಗಳು, ನಾಲ್ಕರ ಹೊತ್ತಿಗೆ ಕುಡಿದು ಜ್ಞಾನ ತಪ್ಪಿದವಳನ್ನು ಬೆನ್ನ ಮೇಲೆ ಹೊತ್ತು ಏರುದಾರಿ ಹತ್ತುವುದು, ಏಳು-ಎಂಟರಲ್ಲಿ ಮುತ್ತು, ಹದಿಮೂರು-ಹದಿನಾಲ್ಕರಲ್ಲಿ 'ನಿನ್ನ ಒಳ್ಳೆಯದಕ್ಕೇ' ಅಂತ ಬಿಟ್ಟುಹೋಗುವುದು, ಹದಿನಾರರಲ್ಲಿ 'ಒಂದು ವರ್ಷದ ನಂತರ'.

ಇದರಲ್ಲಿ ಕೈಕೊಡುವುದು ಹನ್ನೊಂದರಿಂದ ಹದಿನಾಲ್ಕರವರೆಗಿನ ಭಾಗ. ಪ್ರೇಮ ಕೂಡಿಬಂದಿರುತ್ತದೆ, ಮುಗಿಸಲು ಇನ್ನೂ ಆರೇಳು ಗಂಟೆ ಬಾಕಿ. ಆಗ ಬರುತ್ತದೆ ಅಪಘಾತ, ಕಾಯಿಲೆ, ಇಲ್ಲವೇ 'ನನ್ನ ಮಗನನ್ನು ಬಿಟ್ಟುಬಿಡು' ಅಂತ ನಾಯಕನ ಶ್ರೀಮಂತ ತಾಯಿ ನೀಡುವ ದುಡ್ಡಿನ ಬಿಳಿ ಲಕೋಟೆ. ಹಿಂದೆ ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಪ್ರಸಾರ ನಡೆಯುತ್ತಿರುವಾಗಲೇ ಮುಂದಿನ ಕಂತಿನ ಶೂಟಿಂಗ್. ಅವತ್ತಿನ ದೃಶ್ಯದ ಹಾಳೆ ಅವತ್ತೇ ಸೆಟ್ಟಿಗೆ ಬರುತ್ತಿತ್ತು. ವೀಕ್ಷಕರ ಮಾತು ಕೇಳಿ ಕಥೆ ವಾಲುತ್ತಿತ್ತು. 2016ರ 'ಡಿಸೆಂಡೆಂಟ್ಸ್ ಆಫ್ ದಿ ಸನ್' ಪ್ರಸಾರಕ್ಕೆ ಮೊದಲೇ ಪೂರ್ತಿ ಚಿತ್ರೀಕರಣ ಮುಗಿಸಿಕೊಂಡು ಗೆದ್ದಿತು. ಮುಂದೆ ಮೊದಲೇ ಶೂಟ್ ಮಾಡಿಟ್ಟುಕೊಳ್ಳುವುದು ಹೆಚ್ಚಿತು.

ಫ್ಲ್ಯಾಶ್‌ಬ್ಯಾಕ್ ಬಗ್ಗೆ ಬೈಗುಳ ಬಹಳ. ಹತ್ತು ನಿಮಿಷದ ಹಿಂದೆ ನೋಡಿದ್ದನ್ನೇ ಹಾಡು ಹಾಕಿ ಮತ್ತೆ ತೋರಿಸುತ್ತಾರೆ ಅಂತ. ಆದರೆ ಅದು ಐದು ದಿನ ಕಾದು ಕೂತವರಿಗೆ ಮಾಡಿದ್ದು. ಒಂದೇ ರಾತ್ರಿ ಆರು ಕಂತು ನುಂಗುವವರಿಗಲ್ಲ. ದಿನಕ್ಕೆ ಎರಡೇ ಕಂತು ನೋಡಿದರೆ ಅದು ಅಷ್ಟಾಗಿ ಚುಚ್ಚುವುದಿಲ್ಲ. ಇನ್ನೊಂದು ಉಪಾಯ: ಕಂತು ಮುಗಿದಲ್ಲಿ ನಿಲ್ಲಿಸಬೇಡಿ, ಮುಂದಿನ ಕಂತಿನ ಹದಿನೈದನೇ ನಿಮಿಷಕ್ಕೆ ನಿಲ್ಲಿಸಿ. ಕುತೂಹಲದ ಗಂಟು ಅಷ್ಟರಲ್ಲಿ ಬಿಚ್ಚಿರುತ್ತದೆ, ನಿದ್ದೆಯೂ ಬರುತ್ತದೆ.

ಜಾಹೀರಾತಿನ ಚಾಳಿಯೂ ಟಿವಿ ಡ್ರಾಮಾದ್ದೇ. ಕಥೆಯೊಳಗೆ ಸರಕು ತೋರಿಸಲು ಕೊರಿಯಾದಲ್ಲಿ 2010ರಿಂದ ಅನುಮತಿ ಇದೆ. ಭೂಪ್ರಸಾರ ವಾಹಿನಿಗಳಿಗೆ, ಅಂದರೆ ಕೇಬಲ್ ಇಲ್ಲದೆ ಆಂಟೆನಾಗೆ ಸಿಗುವವುಗಳಿಗೆ, ಕಂತಿನ ಮಧ್ಯೆ ಜಾಹೀರಾತು ಹಾಕಲು 2021ರವರೆಗೆ ಅವಕಾಶ ಇರಲಿಲ್ಲ. ಅದಕ್ಕೇ ಒಂದು ಕಂತನ್ನು ಮೂವತ್ತೈದು ನಿಮಿಷದ ಎರಡು ಹೋಳು ಮಾಡಿ ನಡುವೆ ಜಾಹೀರಾತು ತೂರಿಸುತ್ತಿದ್ದರು. ಹಾಗಾಗಿ ಪಟ್ಟಿಯಲ್ಲಿ 32 ಕಂತು ಅಂತ ಕಂಡರೆ ಹೆದರಬೇಡಿ, ಪ್ರತಿ ಕಂತಿನ ನಿಮಿಷ ನೋಡಿ. ಕಥೆಯೊಳಗಿನ ಜಾಹೀರಾತು ಗುರುತಿಸುವುದು ಸುಲಭ: ಆಫೀಸಿನಲ್ಲಿ ಸುಸ್ತಾಗಿ ಕೂತ ನಾಯಕ ಕೆಂಪು ಜಿನ್‌ಸೆಂಗ್ ಅನ್ನುವ ಬೇರಿನ ಟಾನಿಕ್ ಪೊಟ್ಟಣದ ತುದಿ ಹರಿದು, ಹೆಸರು ಕ್ಯಾಮೆರಾಗೆ ಕಾಣುವಂತೆ ಹಿಡಿದು, ಒಂದೇ ಗುಟುಕಿಗೆ ಹೀರುತ್ತಾನೆ. 2021ರ 'ವಿಂಚೆಂಜೊ'ದಲ್ಲಿ ಕೊರಿಯಾದ ಕಲಸನ್ನ ಬಿಬಿಂಬಾಪ್ ಅನ್ನು ಚೀನಾ ಕಂಪನಿಯ ಸಿದ್ಧ ಪೊಟ್ಟಣದಲ್ಲಿ ತೋರಿಸಿದ್ದಕ್ಕೆ ಕೊರಿಯಾದವರು ಕೆರಳಿ, ಆ ದೃಶ್ಯವನ್ನು ಆಮೇಲೆ ತೆಗೆಯಬೇಕಾಯಿತು.

ಎರಡನೆಯದು ಓಟಿಟಿಯ ಕಿರು ಸರಣಿ. 2019ರ 'ಕಿಂಗ್‌ಡಮ್' ಆರು ಕಂತು, 2021ರ 'ಸ್ಕ್ವಿಡ್ ಗೇಮ್' ಒಂಬತ್ತು. ಪದೇಪದೇ ಹಿಂದಿನದ್ದನ್ನು ನೆನಪಿಸುವ ಗೋಜು ಕಡಿಮೆ. ಟಿವಿಯಲ್ಲಿ ಮಸುಕು ಮಾಡುವ ಸಿಗರೇಟು ಇಲ್ಲಿ ನೇರ ಕಾಣುತ್ತದೆ. ರೋಚಕ ಕಥೆಗೆ ಇದೇ ಸರಿ. ಪ್ರೇಮಕ್ಕೆ ಸಾಲದು, ಹಣ್ಣಾಗಲು ಹೊತ್ತೇ ಸಿಗುವುದಿಲ್ಲ. ಎರಡರ ನಡುವಿನ ದಾರಿ ಹಿಡಿದದ್ದು 'ದಿ ಗ್ಲೋರಿ': ಹದಿನಾರು ಕಂತನ್ನು 2022ರ ಡಿಸೆಂಬರಿನಲ್ಲಿ ಎಂಟು, 2023ರ ಮಾರ್ಚಿನಲ್ಲಿ ಎಂಟು ಅಂತ ಒಡೆದರು. ಸೇಡಿನ ಕಥೆಗೆ ಆ ಬಿಡುವು ಒಗ್ಗಿತು.

ವಾರಾಂತ್ಯದ ಕುಟುಂಬ ಡ್ರಾಮಾಗೆ ನಮ್ಮಲ್ಲಿ ಸಲ್ಲಬೇಕಾದ ಗೌರವ ಸಿಕ್ಕಿಲ್ಲ. ಕೊರಿಯಾದ ಕೆಬಿಎಸ್2 ವಾಹಿನಿಯಲ್ಲಿ 2017ರಲ್ಲಿ ಬಂದ 'ಮೈ ಫಾದರ್ ಈಸ್ ಸ್ಟ್ರೇಂಜ್' 52 ಕಂತು, ಅಂದರೆ ಆರು ತಿಂಗಳ ಶನಿವಾರ-ಭಾನುವಾರ. ಜನ್ಮರಹಸ್ಯ, ಅತ್ತೆ-ಸೊಸೆ, ಒಂದೇ ಮೇಜಿನ ಸುತ್ತ ಇಡೀ ಮನೆ ಕೂತು ಉಣ್ಣುವುದು ಈ ಬಗೆಯ ಬಂಡವಾಳ. ಕನ್ನಡ ಧಾರಾವಾಹಿ ನೋಡಿ ಬೆಳೆದವರಿಗೆ ಎಲ್ಲವೂ ಪರಿಚಿತ. ಒಂದೇ ವ್ಯತ್ಯಾಸ, ಇದು ಆರು ತಿಂಗಳಿಗೆ ಮುಗಿಯುತ್ತದೆ. ಮೂವತ್ತರಿಂದ ನಲವತ್ತನೇ ಕಂತಿನವರೆಗೆ ಎಳೆದಾಟ ಇದ್ದೇ ಇರುತ್ತದೆ, ಗುಟ್ಟು ತಿಳಿಯಬೇಕಾದ ಒಬ್ಬರನ್ನು ಬಿಟ್ಟು ಎಲ್ಲರಿಗೂ ತಿಳಿದಿರುತ್ತದೆ. ರಾತ್ರಿ ಊಟದ ಜೊತೆ ಒಂದೊಂದೇ ನೋಡಿ. ನಡುವೆ ಎರಡು ತಪ್ಪಿದರೂ ನಷ್ಟವಿಲ್ಲ.

ಇವೆಲ್ಲಕ್ಕಿಂತ ನನ್ನ ಆಯ್ಕೆ ಹನ್ನೆರಡು ಕಂತಿನದು, ಅದೂ ವಾರಕ್ಕೊಂದು. 'ಹಾಸ್ಪಿಟಲ್ ಪ್ಲೇಲಿಸ್ಟ್' 2020ರಲ್ಲಿ ಹನ್ನೆರಡು, 2021ರಲ್ಲಿ ಹನ್ನೆರಡು, ಪ್ರತಿ ಗುರುವಾರ. ಕಥೆ ನಡೆಸಲು ಖಳನಾಯಕ ಬೇಕಾಗಲಿಲ್ಲ. ಐವರು ಸ್ನೇಹಿತರು ಉಣ್ಣುವುದು, ಹಾಡು ಕಲಿಯುವುದು ಇಷ್ಟರಲ್ಲೇ ಒಂದೂವರೆ ಗಂಟೆ ಸರಿದುಹೋಗುತ್ತದೆ.

ಮಣಿಕಟ್ಟು ಎಳೆಯುವ ಚಾಳಿಗೆ ಮಾತ್ರ ಯಾವ ಅಳತೆಯೂ ಸಮರ್ಥನೆ ಆಗದು. 2009ರ 'ಬಾಯ್ಸ್ ಓವರ್ ಫ್ಲವರ್ಸ್' ಈಗ ನೋಡಿದರೆ ಮುಜುಗರವಾಗುತ್ತದೆ. ಈಚಿನವುಗಳಲ್ಲಿ ಅದು ಕಡಿಮೆಯಾಗಿದೆ, ಸಂತೋಷ.

ಕೊನೆಗೆ ಭಾಷೆ. ಡಬ್ಬಿಂಗ್ ಬೇಡ, ಮೂಲ ದನಿಯನ್ನೇ ಕೇಳಿ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎಲ್ಲರೂ 'ಯೂ'. ಆದರೆ ಕೊರಿಯನ್ನರು ನಮ್ಮ ಹಾಗೆಯೇ ಬಹುವಚನ, ಏಕವಚನದ ಲೆಕ್ಕ ಇಡುವವರು, ಗೌರವ ಇರುವುದು ಕ್ರಿಯಾಪದದ ತುದಿಯಲ್ಲಿ. ಏಳನೇ ಕಂತಿನ ಆಸುಪಾಸಿನಲ್ಲಿ ಕಿವಿ ಕೊಟ್ಟು ಕೇಳಿ. ಅಲ್ಲಿಯವರೆಗೆ ಮಾತಿನ ಕೊನೆಗೆ ಬರುತ್ತಿದ್ದ 'ಯೊ' ಒಂದು ಸಾಲಿನಲ್ಲಿ ಇದ್ದಕ್ಕಿದ್ದಂತೆ ಬಿದ್ದುಹೋಗುತ್ತದೆ. ನಾಯಕಿ 'ನೀವು' ಬಿಟ್ಟು 'ನೀನು' ಅಂದಳು ಅಂತ ಅರ್ಥ. ಸಬ್‌ಟೈಟಲ್‌ನಲ್ಲಿ ಆ ಸಾಲು ಬರೀ 'ಊಟ ಆಯ್ತಾ' ಅಂತ ಇರುತ್ತದೆ.