ದುರ್ಗದ ಕೋಟೆ ಗೈಡ್ ಸೇವೆ: ಕಲ್ಲಿಗೆ ಪೂರ್ತಿ ಅಂಕ, ಬೆಟ್ಟದ ಹೆಸರಿಗೆ ಅರ್ಧ

ಚಿತ್ರದುರ್ಗ ಕೋಟೆ ಬಾಗಿಲಲ್ಲಿ ಸಿಗುವ ಗೈಡ್‌ಗಳಿಗೆ ಸುತ್ತು, ಬತೇರಿ, ಕಿಂಡಿ ಎಲ್ಲಾ ಬಾಯಿಪಾಠ. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ ಹೇಗೆ ಇಳಿಯುತ್ತದೆ ಅನ್ನುವುದನ್ನು ಜಾಗದಲ್ಲೇ ನಿಲ್ಲಿಸಿ ತೋರಿಸುತ್ತಾರೆ. ಕೊಟ್ಟ ದುಡ್ಡಿಗೆ ಅದೊಂದೇ ಸಾಕು.

ಎಡವುವುದು ಬೆಟ್ಟಸಾಲಿನ ಹೆಸರಿನಲ್ಲಿ. ಹಿಡಿಂಬೇಶ್ವರ ಗುಡಿ ಮುಂದೆ ಭೀಮ-ಹಿಡಿಂಬರ ಕಥೆ ವಿಸ್ತಾರವಾಗಿ ಬರುತ್ತದೆ, ಚಿನ್ಮೂಲಾದ್ರಿ ಅನ್ನುವ ಹೆಸರು ಮಾತ್ರ ಹಾಗೇ ಹಾದುಹೋಗುತ್ತದೆ. ಅದು ಚಿತ್ (ಅರಿವು), ಮೂಲ, ಅದ್ರಿ (ಬೆಟ್ಟ), ಮೂರೂ ಸಂಸ್ಕೃತ. ಮಕಾರದ ಮುಂದೆ ತಕಾರ ನಕಾರವಾಗಿ 'ಚಿನ್ಮೂಲ' ಆಯಿತು. ಚಿನ್ನಕ್ಕೂ ಇದಕ್ಕೂ ನಂಟಿಲ್ಲ. ಇನ್ನು ಊರಿನ ಹೆಸರಿನ ಹಳೆಯ ರೂಪವಾದ ಚಿತ್ರಕಲ್ದುರ್ಗದಲ್ಲಿ ಎರಡು ಸಂಸ್ಕೃತ ಪದಗಳ ನಡುವೆ ನಮ್ಮ 'ಕಲ್' ಕೂತಿದೆ. ಬ್ರಿಟಿಷರ ಕಾಲದ 'ಚಿತಲ್‌ದ್ರೂಗ್'ನಲ್ಲಿ ಉಳಿದಿರುವ ಲಕಾರ ಆ ಕಲ್ಲಿನದೇ ಇರಬೇಕು.

ಮೇಲೆ ಹತ್ತಿ ದಕ್ಷಿಣಕ್ಕೆ ಜೋಗಿಮಟ್ಟಿ ತೋರಿಸುವಾಗ ಕೆಲವರು "ಇದೂ ಸಹ್ಯಾದ್ರಿನೇ" ಅಂದುಬಿಡುತ್ತಾರೆ. ಒಪ್ಪಬೇಡಿ. ಇದು ಬಯಲುಸೀಮೆಯ ಬೇರೆಯೇ ಸಾಲು. 'ಅದ್ರಿ' ಎರಡಕ್ಕೂ ಇರುವುದೇ ಗೊಂದಲಕ್ಕೆ ಕಾರಣ. ಇಡೀ ಸಾಲಿಗೆ ಪಂಡಿತರು ಅದ್ರಿ, ಗಿರಿ ಅಂದರೆ, ದನ ಮೇಯಿಸುವವರು ಒಂದೊಂದು ಗುಡ್ಡಕ್ಕೆ ಮಟ್ಟಿ, ಮರಡಿ ಅಂದರು. ದಿಂಬಿನಾಕಾರದ ಲಾವಾ ಶಿಲೆಗೆ ಹೆಸರಾದ ಮರಡಿಹಳ್ಳಿಯ ಹೆಸರಲ್ಲೇ ಗುಡ್ಡವಿದೆ. ಮಾತು ಎದುರು ದಿಕ್ಕಿಗೂ ಹರಿದಿದೆ: ಪುರಾಣಗಳ 'ಮಲಯ' ಪರ್ವತದ ಹೆಸರಿಗೆ ದ್ರಾವಿಡದ 'ಮಲೆ'ಯೇ ಮೂಲ ಎಂದು ಭಾಷಾತಜ್ಞರು ಹೇಳುತ್ತಾರೆ.

ಗೈಡ್‌ಗಳು ಗೊತ್ತಾದ ದಾರಿಯ ಕ್ರಮದಲ್ಲಿ ಪಾಠ ಕಟ್ಟಿಕೊಂಡಿರುತ್ತಾರೆ. ನಡುವೆ ತಡೆದು ಹೆಸರು ಕೇಳಿದರೆ ಕಥೆಯೂ ತಪ್ಪುತ್ತದೆ, ಉತ್ತರವೂ ಸಿಗದು. ದರ ಮಾತಾಡುವಾಗಲೇ "ಗುಡ್ಡಗಳ ಹೆಸರೂ ಬೇಕು, ಮೇಲೆ ಹತ್ತು ನಿಮಿಷ ನಿಲ್ಲಬೇಕು" ಅಂತ ಹೇಳಿಬಿಡಿ. ಬೆಳಗ್ಗೆ ಬೇಗ ಹೊರಡಿ. ಬಿಸಿಲೇರಿದರೆ ಬಂಡೆ ಕಾದು ಯಾರೂ ಮೇಲೆ ನಿಲ್ಲುವುದಿಲ್ಲ. ವಯಸ್ಸಾದ ಗೈಡ್ ಸಿಕ್ಕರೆ ಬಿಡಬೇಡಿ, ಸುತ್ತಲಿನ ಚಿಕ್ಕ ಗುಡ್ಡಗಳ ಆಡುಹೆಸರು ಅವರ ಬಾಯಲ್ಲೇ ಉಳಿದಿದೆ.

'ಗಿರಿ' ಎಷ್ಟು ಹಳೆಯದೆಂದು ನೋಡಬೇಕಿದ್ದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು. ಅಲ್ಲಿನ ಅಶೋಕನ ಪ್ರಾಕೃತ ಶಾಸನದಲ್ಲಿ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯ ಹೆಸರಿದೆ. ಕೋಟೆ ಗೈಡ್‌ನ ದರದಲ್ಲಿ ಅದು ಸೇರಿರುವುದಿಲ್ಲ, ಗಾಡಿ ಬೇರೆ ಮಾಡಿಕೊಳ್ಳಿ.