ಮೂರು ವರ್ಷದ ಉಚಿತ ವಿಡಿಯೊ: ಚಿತ್ರಕ್ಕೆ ಪೂರ್ತಿ ಅಂಕ, ಕಾದಂಬರಿಗೆ ಸ್ವಲ್ಪ ತಡೆಯಿರಿ

ಹಳೆಯ ಚಿತ್ರಕಲೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಉಚಿತ ವಿಡಿಯೊಗಳಿಂದ ಬಂದದ್ದು. ಮೂರು ವರ್ಷವಾಯಿತು, ಬಿಡಿಗಾಸು ಖರ್ಚು ಮಾಡಿಲ್ಲ. ಖರ್ಚು ಮಾಡುವ ಅನುಕೂಲವೂ ಇರಲಿಲ್ಲ. ಅದಕ್ಕೇ ಈ ದಾರಿ ಹಿಡಿದದ್ದು.

ದಿನಾ ಮಲಗುವ ಮುಂಚೆ ಒಂದೇ ಒಂದು ವಿಡಿಯೊ. ಚಿತ್ರ ತೆರೆಯ ಮೇಲೆ ಪೂರ್ತಿ ಕಂಡ ಕೂಡಲೇ ನಿಲ್ಲಿಸಿಬಿಡುತ್ತೇನೆ, ವಿವರಣೆ ಶುರುವಾಗುವ ಮೊದಲೇ. ಐದು ನಿಮಿಷ ಸುಮ್ನೆ ನೋಡುತ್ತೇನೆ. ಬೆಳಕು ಎಲ್ಲಿಂದ ಬರುತ್ತಿದೆ, ಕೈಗಳು ಏನು ಮಾಡುತ್ತಿವೆ, ಯಾರು ಯಾರ ಕಡೆ ನೋಡುತ್ತಿದ್ದಾರೆ. ಕಂಡದ್ದನ್ನು ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡು ಆಮೇಲೆ ಪ್ಲೇ ಒತ್ತುತ್ತೇನೆ.

ಈ ಅಭ್ಯಾಸ ಅಂಟಿದ್ದು ಯಾನ್ ವ್ಯಾನ್ ಐಕ್ ಎಂಬ ಚಿತ್ರಕಾರ 1434ರಲ್ಲಿ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರದಿಂದ. ಹಸಿರು ಉಡುಪು, ನಾಯಿಮರಿ, ಉರಿಯುವ ಒಂದೇ ಮೇಣದಬತ್ತಿ ಎಂದು ಬರೆದುಕೊಂಡಿದ್ದೆ. ವಿಡಿಯೊ ಮುಂದುವರಿಸಿದರೆ ಕ್ಯಾಮೆರಾ ಸೀದಾ ಹಿಂದಿನ ಗೋಡೆಯ ಕನ್ನಡಿಗೆ ಹೋಯಿತು. ಅದರೊಳಗೆ ಆ ಜೋಡಿಯ ಬೆನ್ನು ಕಾಣುತ್ತದೆ, ಬಾಗಿಲಲ್ಲಿ ಇನ್ನೂ ಇಬ್ಬರು ನಿಂತಿದ್ದಾರೆ. ಅಂದರೆ ನಾವು ನಿಂತು ನೋಡುತ್ತಿರುವ ಜಾಗದಲ್ಲೇ ಅವರಿದ್ದಾರೆ! ಕನ್ನಡಿಯ ಮೇಲೆ ಗೋಡೆಯಲ್ಲಿ ‘ಯಾನ್ ವ್ಯಾನ್ ಐಕ್ ಇಲ್ಲಿದ್ದ’ ಎಂಬ ಬರಹ ಬೇರೆ. ಇಡೀ ಚಿತ್ರದ ಎತ್ತರವೇ ಸುಮಾರು 82 ಸೆಂಟಿಮೀಟರ್, ಆ ಕನ್ನಡಿ ಅಂಗೈಗಿಂತ ಚಿಕ್ಕದು. ಐದು ನಿಮಿಷ ನೋಡಿಯೂ ನನಗೆ ಕಂಡಿರಲಿಲ್ಲ. ಅವತ್ತು ನಿದ್ದೆ ಬರುವುದು ತಡವಾಯಿತು.

ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವ ಹೆಸರು ಸ್ಮಾರ್ಟ್‌ಹಿಸ್ಟರಿ ಎಂಬ ಉಚಿತ ಕಲಾ ತಾಣ. ಬೆತ್ ಹ್ಯಾರಿಸ್ ಮತ್ತು ಸ್ಟೀವನ್ ಝುಕರ್ ಎಂಬ ಇಬ್ಬರು ಕಲಾ ಇತಿಹಾಸಕಾರರು ಚಿತ್ರದ ಮುಂದೆ ನಿಂತು ಮಾತಾಡಿಕೊಳ್ಳುತ್ತಾರೆ. ಪಾಠ ಮಾಡುವ ದನಿಯಲ್ಲ. ಒಬ್ಬರು ಒಂದು ಮೂಲೆ ತೋರಿಸುತ್ತಾರೆ, ಇನ್ನೊಬ್ಬರು ಅದಕ್ಕೆ ಸೇರಿಸುತ್ತಾರೆ. ಪಕ್ಕದಲ್ಲಿ ಮೂರನೆಯವರಾಗಿ ನಾವೂ ನಿಂತ ಹಾಗಿರುತ್ತದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯವರ ವಿಡಿಯೊಗಳೂ ಚೆನ್ನಾಗಿವೆ. ಅಲ್ಲಿ ಹೋಲ್ಬೈನ್ 1533ರಲ್ಲಿ ಬರೆದ ಇಬ್ಬರು ರಾಯಭಾರಿಗಳ ಚಿತ್ರವಿದೆ. ಅವರ ಕಾಲಬಳಿ ನೆಲದ ಮೇಲೆ ಏನೋ ಉದ್ದಕ್ಕೆ ಎಳೆದ ಬಿಳಿಚು ಆಕಾರ. ಬಲಗಡೆಯಿಂದ ಓರೆಯಾಗಿ ನೋಡಿದರೆ ಅದು ತಲೆಬುರುಡೆ. ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಬಲ ಅಂಚಿನ ಕಡೆಯಿಂದ ನೋಡಿ. ಫೋನಿನಲ್ಲೂ ಕಾಣುತ್ತದೆ. ಎಷ್ಟು ಜನರಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ.

ಒಂದು ಕೊರತೆ ಇದೆ. ತೆರೆಯಲ್ಲಿ ಎಲ್ಲ ಚಿತ್ರವೂ ಒಂದೇ ಅಳತೆ. ರೆಂಬ್ರಾಂಟ್‌ನ ‘ನೈಟ್ ವಾಚ್’ ನಾಲ್ಕು ಮೀಟರಿಗೂ ಅಗಲ. ಅದೂ, ಆ ಪುಟ್ಟ ಆರ್ನೊಲ್ಫಿನಿಯೂ ನನ್ನ ಕೈಯಲ್ಲಿ ಒಂದೇ ಗಾತ್ರ. ಈಗ ಅಳತೆ ಹುಡುಕಿಕೊಂಡು ಗೋಡೆಯ ಮೇಲೆ ಕೈಚಾಚಿ ಅಂದಾಜು ಮಾಡುತ್ತೇನೆ. ಜಾಹೀರಾತು ನಡುವೆ ನುಗ್ಗುವುದು ಇದ್ದೇ ಇದೆ, ಅದಕ್ಕೆ ಒಗ್ಗಿಹೋಗಿದ್ದೇನೆ.

ನನಗೆ ನಿಜಕ್ಕೂ ಸಿಟ್ಟು ಬಂದಿರುವುದು ಕಾದಂಬರಿಗಳ ವಿಷಯದಲ್ಲಿ. ಸ್ಪೇನಿನ ಸರ್ವಾಂಟಿಸ್ ಬರೆದ ‘ಡಾನ್ ಕಿಹೋಟೆ’ಯ ಕಥೆಯನ್ನು ಹದಿನೈದು ನಿಮಿಷದಲ್ಲಿ ಹೇಳುವ ಒಂದು ವಿಡಿಯೊ ನೋಡಿದೆ. ಬಣ್ಣಬಣ್ಣದ ಅನಿಮೇಷನ್. ಗಾಳಿಯಂತ್ರ, ಬಡಕಲು ಕುದುರೆ, ಕೊನೆಗೆ ಏನಾಗುತ್ತದೆ ಎನ್ನುವುದರ ತನಕ ಎಲ್ಲ ಹೇಳಿ ಮುಗಿಸಿತು. ಕಥೆ ಗೊತ್ತಾಯಿತಲ್ಲ ಎಂದುಕೊಂಡು ಪುಸ್ತಕವನ್ನು ಒಂದು ವರ್ಷ ಮುಟ್ಟಲೇ ಇಲ್ಲ.

ಆಮೇಲೆ ಓದಿದೆ. ಮೊದಲ ಭಾಗ ಬಂದದ್ದು 1605ರಲ್ಲಿ, ಎರಡನೆಯದು 1615ರಲ್ಲಿ. ಎರಡನೆಯ ಭಾಗದಲ್ಲಿ ಕಥಾನಾಯಕ ಕಿಹೋಟೆಗೆ ಎದುರಾಗುವ ಜನರಲ್ಲಿ ಕೆಲವರು ಮೊದಲ ಭಾಗವನ್ನು ಓದಿಕೊಂಡಿದ್ದಾರೆ! ಅವನ ಕಥೆ ಅವನಿಗಿಂತ ಮೊದಲೇ ಅವರ ಮನೆ ತಲುಪಿದೆ. ನಡುವೆ 1614ರಲ್ಲಿ ಬೇರೆ ಯಾರೋ ನಕಲಿ ಎರಡನೇ ಭಾಗವನ್ನೇ ಅಚ್ಚು ಹಾಕಿಸಿದ್ದರು. ಅದರಲ್ಲಿ ತಾನು ಸಾರಗೋಸಾಕ್ಕೆ ಹೋದೆ ಎಂದು ಬರೆದಿದ್ದಾರೆ ಎಂದು ತಿಳಿದು, ಅದನ್ನು ಸುಳ್ಳು ಮಾಡಲು ಕಿಹೋಟೆ ದಾರಿ ಬದಲಿಸಿ ಬಾರ್ಸಿಲೋನಾಕ್ಕೆ ಹೋಗುತ್ತಾನೆ. ಈ ಪುಸ್ತಕದ ಜೀವವೇ ಇದು ಅಲ್ವಾ? ಆ ಹದಿನೈದು ನಿಮಿಷದಲ್ಲಿ ಇದರ ಸುಳಿವೂ ಇರಲಿಲ್ಲ. ಚಿತ್ರದ ವಿಡಿಯೊ ಚಿತ್ರವನ್ನೇ ಕಣ್ಣ ಮುಂದೆ ಇಡುತ್ತದೆ. ಸಾರಾಂಶದ ವಿಡಿಯೊ ಪುಸ್ತಕವನ್ನು ಪಕ್ಕಕ್ಕೆ ಸರಿಸಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಈಗ ಅಂಥವನ್ನು ನಾನು ತೆರೆಯುವುದೇ ಇಲ್ಲ.

ಹಾಗಂತ ಸಾಹಿತ್ಯಕ್ಕೆ ವಿಡಿಯೊ ಬೇಡವೇ ಬೇಡ ಎನ್ನಲಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ರಾಬರ್ಟೊ ಗೊನ್ಸಾಲೆಸ್ ಎಚೆವರಿಯಾ ಅವರ ಇದೇ ಕಾದಂಬರಿಯ 24 ತರಗತಿಗಳನ್ನು ಪೂರ್ತಿ ಉಚಿತವಾಗಿ ಇಟ್ಟಿದ್ದಾರೆ. ಒಂದೊಂದೂ ಒಂದು ಗಂಟೆಯ ಆಸುಪಾಸು. ಥಳಕು ಇಲ್ಲ, ಹಿನ್ನೆಲೆ ಸಂಗೀತ ಇಲ್ಲ, ಒಬ್ಬ ಮೇಷ್ಟ್ರು ಪುಸ್ತಕ ಹಿಡಿದು ಮಾತಾಡುತ್ತಾರೆ ಅಷ್ಟೇ. ಮೊದಲು ಅಧ್ಯಾಯಗಳನ್ನು ಓದಿ ಮುಗಿಸುವುದು, ಪೆನ್ಸಿಲ್ ಗುರುತು ಹಾಕುವುದು, ಆಮೇಲೆ ಆ ತರಗತಿ ಕೇಳುವುದು, ಹೀಗೆ ಐದು ತಿಂಗಳು ನಡೆಯಿತು. ನಾನು ಗುರುತು ಹಾಕಿದ ಸಾಲನ್ನೇ ಅವರೂ ಎತ್ತಿಕೊಂಡಾಗ ಆಗುವ ಸಂತೋಷ ಬೇರೆಯೇ.

ಕೊನೆಯ ಅಧ್ಯಾಯವನ್ನು ಕೊನೆ ಗೊತ್ತಿದ್ದೇ ಓದಿದೆ. ಅಲ್ಲಿ ಕಿಹೋಟೆಯ ಸೇವಕ ಸಾಂಚೊ ತನ್ನ ಒಡೆಯನಿಗೆ ಹೇಳುವ ಒಂದು ಮಾತಿದೆ. ಆ ಅನಿಮೇಷನ್‌ನಲ್ಲಿ ಅದೂ ಇರಲಿಲ್ಲ. ಇಲ್ಲಿ ನಾನೂ ಅದನ್ನು ಬರೆಯುವುದಿಲ್ಲ.